ಗಿಟಾರ್ ಕಿಟ್ ರಿವ್ಯೂ: ಆಟಿ ಮಳೆಯಲ್ಲಿ ಪಾಲಿಶ್ ಮಾಡ್ಲಿಕ್ಕೆ ಹೊರಟವನ ಪಾಡು

ಮೊದ್ಲೇ ಹೇಳಿಬಿಡ್ತೇನೆ, ಬಿಡಿ ಭಾಗ ತರಿಸಿ ನಾವೇ ಬಣ್ಣ ಹಾಕಿ ಜೋಡಿಸುವ ಎಲೆಕ್ಟ್ರಿಕ್ ಗಿಟಾರಿನ ಈ ಕಿಟ್‌ಗೆ ನನ್ನ ಲೆಕ್ಕದಲ್ಲಿ 5ಕ್ಕೆ ಮೂರೂವರೆ ಸ್ಟಾರ್. ಕಡಿಮೆ ಮಾಡಿದ ಒಂದೂವರೆ ಮರಕ್ಕಲ್ಲ, ಡಬ್ಬದೊಳಗೆ ಮಡಚಿ ಇಟ್ಟಿದ್ರಲ್ಲ ಒಂದು ಹಾಳೆ, ಹೇಗೆ ಮಾಡ್ಬೇಕು ಅಂತ ಬರೆದದ್ದು, ಅದಕ್ಕೆ. ಕಂಪೆನಿ ಹೆಸರು ಹಾಕುದಿಲ್ಲ, ಮತ್ತೆ ಅದೊಂದು ರಗಳೆ ಬೇಡ. ಮರ ತಯಾರು ಮಾಡುದು, ಪೈಂಟ್, ಪಾಲಿಶ್, ಇದರ ಬಗ್ಗೆ ಮಾತ್ರ ಬರಿತೇನೆ, ಸೌಂಡ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ನನಗೆ ಬಿದ್ದದ್ದು 9,400 ರುಪಾಯಿ. ಕೊರಿಯರಿನವ ನಮ್ಮ ಗುಡ್ಡೆ ಹತ್ತುದಿಲ್ಲ, ಹಾಗಾಗಿ ಬದಿಯಡ್ಕ ಪೇಟೆಗೇ ಹೋಗಿ ಜೀಪಿನ ಹಿಂದೆ ಪ್ಲಾಸ್ಟಿಕ್ ಹೊದೆಸಿ ತಂದೆ, ಜುಲೈ ಕೊನೆ, ಆಟಿ ಮಳೆ ಹೇಗೆ ಅಂತ ನಮ್ಮ ಕಡೆಯವರಿಗೆ ಹೇಳ್ಬೇಕಾಗಿಲ್ಲ. ಒಳಗೆ ಇದ್ದದ್ದು ಸ್ಟ್ರಾಟ್ (ಫೆಂಡರ್ ಕಂಪೆನಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರ್, ಎರಡು ಕೊಂಬಿನದ್ದು) ಶೇಪಿನ ಬಾಡಿ, ಬಾಸ್‌ವುಡ್ ಮರದ್ದು, ಸುಮಾರು 45 ಎಂಎಂ ದಪ್ಪ, ನಾಲ್ಕು ಸ್ಕ್ರೂ ಹಾಕಿ ಕೂರಿಸುವ ಮೇಪಲ್ ನೆಕ್ (ಗಿಟಾರಿನ ಉದ್ದ ಕೈ), ತಂತಿಯ ಸೌಂಡ್ ಹಿಡಿಯುವ ಪಿಕಪ್, ವಯರ್ ಎಲ್ಲ ಮೊದಲೇ ಜೋಡಿಸಿದ ಮುಂದಿನ ತಗಡು, ಅಂದ್ರೆ ಪಿಕ್‌ಗಾರ್ಡ್, ಮತ್ತೆ ಸಣ್ಣ ಸಣ್ಣ ತೊಟ್ಟೆಗಳಲ್ಲಿ ಸ್ಕ್ರೂ. ಸ್ಕ್ರೂ ಒಂದೂ ಕಡಿಮೆ ಇರ್ಲಿಲ್ಲ, ಅದು ದೊಡ್ಡ ವಿಷಯ. ಅಮ್ಮ ಬಾಡಿ ನೋಡಿ "ಇದೆಂತ ಮಗಾ, ತುರಿಮಣೆ ತರ್ಸಿದ್ದಾ? ಹಲ್ಲೇ ಇಲ್ಲ" ಅಂದ್ರು.

ಬಾಡಿ ಮೇಲೆ ಒಂದು ಕಡೆ ಚಿಟಿಕೆಯಷ್ಟು ಗುಳಿ ಬಿದ್ದಿತ್ತು. ನಮ್ಮಲ್ಲಿಗೆ ಕೆಲಸಕ್ಕೆ ಬರುವ ಆಚಾರ್ರಿಗೆ ತೋರಿಸಿದೆ, ಅವ್ರು ಉಗುರಲ್ಲಿ ಒತ್ತಿ ನೋಡಿ ನಕ್ರು. "ಇದು ಪಾಲೆ ಮರದ ಹಾಗೆ ಉಂಟಲ್ಲ ಅಣ್ಣ, ಇದಕ್ಕೆ ಒಂಬತ್ತು ಸಾವಿರವಾ?" ಆಟಿ ಅಮಾವಾಸ್ಯೆಗೆ ಕೆತ್ತೆ (ತೊಗಟೆ) ತಂದು ಕಷಾಯ ಕುಡಿಯುವ ಅದೇ ಪಾಲೆ, ಹಿಂದೆ ಶಾಲೆಯ ಬರೆಯುವ ಹಲಗೆ ಅದರಲ್ಲಿ ಮಾಡ್ತಿದ್ದದ್ದರಿಂದ ಅದರ ಸಸ್ಯಶಾಸ್ತ್ರದ ಹೆಸರಲ್ಲೇ ಸ್ಕೊಲಾರಿಸ್ ಅಂತ ಉಂಟು. ಆಚಾರ್ರ ಹೋಲಿಕೆ ತಪ್ಪಲ್ಲ, ಬಾಸ್‌ವುಡ್ ಹಗುರ, ಮೆತ್ತಗೆ, ಉಗುರು ತಾಗಿದ್ರೂ ಗುರುತು ಬೀಳ್ತದೆ. ಆದ್ರೆ ಅದು ಕಳಪೆ ಮರ ಅಂತ ಎಣಿಸ್ಬೇಡಿ, ಇಬಾನೆಜ್‌ನಂಥ ಕಂಪೆನಿಗಳ ಎಷ್ಟೋ ಗಿಟಾರಿಗೆ ಅದೇ ಮರ. ಗುಳಿಗೆ ಮದ್ದು ಸುಲಭ: ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎರಡು ಸೆಕೆಂಡ್ ಒತ್ತಿ ತೆಗೆಯುದು, ಹಬೆಗೆ ಅದುಮಿದ ಎಳೆ ಉಬ್ಬಿ ಮೇಲೆ ಬರ್ತದೆ. ನಾಲ್ಕು ಸಲ ಮಾಡಿದಾಗ ಗುಳಿ ಎಲ್ಲಿತ್ತು ಅಂತಲೇ ಗೊತ್ತಾಗ್ಲಿಲ್ಲ. ಎಳೆ ಕಡಿದು ಹೋಗಿದ್ರೆ ಮಾತ್ರ ಇದು ನಡಿಯುದಿಲ್ಲ.

ಈಗ ಆ ಹಾಳೆಯ ವಿಷಯ. ಅದರಲ್ಲಿ ಬರೆದದ್ದು ಇಷ್ಟೇ, ಸ್ವಲ್ಪ ಸ್ಯಾಂಡ್ ಮಾಡಿ, ನಿಮಗೆ ಬೇಕಾದ ಬಣ್ಣ ಹಾಕಿ, ಪಾಲಿಶ್ ಮಾಡಿ. ನನಗೆ ಮರದ ಎಳೆ ಕಾಣುವ ಹಾಗೆ ಕಂದು ಸ್ಟೇನ್ (ಮರದೊಳಗೆ ಇಳಿಯುವ ತೆಳು ಬಣ್ಣ) ಹಾಕುವ ಆಸೆ ಇತ್ತು, 240 ನಂಬರಿನ ಸ್ಯಾಂಡ್ ಪೇಪರಲ್ಲಿ (ನಂಬರ್ ಹೆಚ್ಚಾದಷ್ಟು ಪೇಪರ್ ನುಣ್ಣಗೆ) ಮೇಲೆ ಮೇಲೆ ಉಜ್ಜಿ, ಬಟ್ಟೆಯಲ್ಲಿ ಸ್ಟೇನ್ ಅದ್ದಿ ಒರೆಸಿದೆ ನೋಡಿ, ಎಂತ ಸಾವು ಮಾರಾಯ್ರೆ, ಒಂದು ಕಡೆ ಕುಡಿತದೆ ಇನ್ನೊಂದು ಕಡೆ ಜಾರಿ ಹೋಗ್ತದೆ, ಹತ್ತು ನಿಮಿಷದಲ್ಲಿ ಬಾಡಿ ಹಸುವಿನ ಬೆನ್ನಿನ ಹಾಗೆ ಮಚ್ಚೆ ಮಚ್ಚೆ. ಆಮೇಲೆ ಗೊತ್ತಾದದ್ದು ಏನಂದ್ರೆ ಫ್ಯಾಕ್ಟರಿಯಲ್ಲೇ ಬಾಡಿಗೆ ಮರ ಹೀರದ ಹಾಗೆ ಮುಚ್ಚುವ ತೆಳು ಸೀಲರ್ ಒಂದು ಕೋಟ್ ಹೊಡೆದಿದ್ದಾರೆ, ಸಾಗಾಟದಲ್ಲಿ ಕೊಳೆ, ಪಸೆ ಹಿಡಿಬಾರ್ದು ಅಂತ ಇರ್ಬೇಕು. ಕಣ್ಣಿಗೆ ಕಾಣುದೇ ಇಲ್ಲ. ಹೊಡಿಲಿ, ತಪ್ಪಲ್ಲ, ಆದ್ರೆ ಹಾಳೆಯಲ್ಲಿ ಒಂದು ಗೆರೆ ಬರಿಲಿಕ್ಕೆ ಎಷ್ಟು ಖರ್ಚಾಗ್ತಿತ್ತು? ನಾನು ಕಸ್ಟಮರ್ ಕೇರಿಗೆ ಮೆಸೇಜ್ ಹಾಕಿದೆ, ಮೂರು ದಿನ ಬಿಟ್ಟು ಬಂದ ಉತ್ತರ: ಹಾಳೆ ನೋಡಿ ಅಂತ.

ತರಿಸಿದವರು ಮೊದಲು ಇದೊಂದು ಮಾಡಿ, ಬೆರಳು ಅದ್ದಿ ಅಲ್ಲಲ್ಲಿ ನೀರಿನ ಹನಿ ಇಡಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿ ಗುಂಡಗೆ ನಿಂತ್ರೆ ಸೀಲರ್ ಉಂಟು ಅಂತ ಅರ್ಥ, ಕೂಡ್ಲೆ ಹೀರಿ ಕಪ್ಪಾದ್ರೆ ಸೀಲರ್ ಇಲ್ಲದ ಬರೀ ಮರ. ಸೀಲರ್ ಇದ್ರೆ 120ರಿಂದ ಶುರು ಮಾಡ್ಬೇಕು, ಮತ್ತೆ 180, 240, 320. ಬಾಡಿ ಪೂರ್ತಿ ಪೆನ್ಸಿಲಲ್ಲಿ ಗೀಚಿ, ಗೀಟು ಹೋಗುವ ತನಕ ಉಜ್ಜಿ, ಪುನಃ ಗೀಚಿ, ಮುಂದಿನ ನಂಬರಿಗೆ ಹೋಗಿ, ಆಗ ಎಲ್ಲಿ ಉಜ್ಜಿದೆ ಎಲ್ಲಿ ಬಿಟ್ಟಿದೆ ಅಂತ ತಿಳಿತದೆ. ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಿದ್ರೆ ಬೆರಳಿನ ಅಡಿ ತಗ್ಗು ಬೀಳ್ತದೆ, ಸಣ್ಣ ಮರದ ತುಂಡಿಗೆ ಸುತ್ತಿ ಹಿಡ್ಕೊಳ್ಳಿ. ಉಜ್ಜುದು ಎಳೆ ಹೋದ ದಿಕ್ಕಿಗೇ. ಅಡ್ಡ ಉಜ್ಜಿದ ಗೆರೆ ಆಗ ಕಾಣುದಿಲ್ಲ, ಬಣ್ಣ ಬಿದ್ದ ಮೇಲೆ ಬೆಕ್ಕು ಪರಚಿದ ಹಾಗೆ ಎದ್ದು ಬರ್ತದೆ. ಎರಡು ಕೊಂಬಿನ ಸುತ್ತ, ಬದಿಯ ಎಳೆಯ ತುದಿಗಳು ಮೇಲೆ ಮುಖ ಮಾಡಿರುವಲ್ಲಿ, ಮರ ಹೆಚ್ಚು ಕುಡಿತದೆ, ಅಲ್ಲಿ ಒಂದು ನಂಬರ್ ನುಣ್ಣಗೆ ಜಾಸ್ತಿ ಹೋಗ್ಬೇಕು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಿಸಿದ್ರೆ ಸಣ್ಣ ನಾರೆಲ್ಲ ಎದ್ದು ಗಡ್ಡ ಬಂದ ಹಾಗೆ ಆಗ್ತದೆ, ಅದನ್ನು 320ರಲ್ಲಿ ಮೆಲ್ಲ ತೆಗೀರಿ. ನನಗೆ ಇಷ್ಟಕ್ಕೆ ಆರು ಸಂಜೆ ಹೋಯ್ತು. ಮೂಗಿಗೆ ಬಟ್ಟೆ ಕಟ್ಟಿದ್ರೆ ಸಾಕಾಗುದಿಲ್ಲ, ಸರಿಯಾದ ಮಾಸ್ಕ್ ಹಾಕಿ.

ಇಷ್ಟೆಲ್ಲ ಮಾಡಿ ಎರಡನೇ ಸಲ ಸ್ಟೇನ್ ಹಾಕಿದ್ರೂ ಮಚ್ಚೆ ಪೂರ್ತಿ ಹೋಗ್ಲಿಲ್ಲ. ಅದು ಬಾಸ್‌ವುಡ್ಡಿನ ಗುಣವೇ, ಒಂದೇ ಸಮ ಬಣ್ಣ ಹೀರುದಿಲ್ಲ, ಎಳೆಯಲ್ಲಿ ಅಂಥ ಚಂದವೂ ಇಲ್ಲ, ತೇಗ ಹಲಸಿನ ಹಾಗೆ ಅಲ್ಲ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ ಈ ಕಿಟ್ಟಿಗೆ ಸ್ಟೇನ್ ಆಸೆ ಬಿಡಿ, ಮರ ಮುಚ್ಚುವ ಗಟ್ಟಿ ಬಣ್ಣ ಹೊಡೀರಿ. ಒಂದು ಒಳ್ಳೆ ವಿಷಯ, ಬಾಸ್‌ವುಡ್ಡಿಗೆ ರಂಧ್ರ ಸಣ್ಣ, ಮಹೋಗನಿ ಆ್ಯಶ್‌ಗೆ ಬೇಕಾಗುವ ಫಿಲ್ಲರ್ (ರಂಧ್ರ ತುಂಬಿಸುವ ಪೇಸ್ಟ್) ಕೆಲಸ ಇದಕ್ಕೆ ಇಲ್ಲ, ಸೀಲರ್ ಎರಡು ಮೂರು ಕೋಟ್ ಸಾಕು.

ಯಾವ ಬಣ್ಣ ಅಂತ ತುಂಬಾ ಯೋಚನೆ ಮಾಡ್ಲಿಕ್ಕೆ ಇರ್ಲಿಲ್ಲ. ಅಡಿಕೆ ತೋಟದಲ್ಲಿ ಕೊಳೆರೋಗದ ಮದ್ದು ಬಿಡ್ತಾ ಇದ್ರು, ಬೋರ್ಡೋ ಡ್ರಮ್ಮಿನಲ್ಲಿ ಮೈಲುತುತ್ತಿನ ನೀಲಿ ಕಂಡಿತು, ಅದೇ ಅಂತ ಮಾಡಿದೆ. (ಮದ್ದಿನವ ಹೇಳಿದ, "ಹಾಗಾದ್ರೆ ಇದೇ ಪಂಪಿನಲ್ಲಿ ಹೊಡಿರಿ, ಕೊಳೆರೋಗವೂ ಬರುದಿಲ್ಲ.") ಪೇಟೆಯ ಪೈಂಟಿನ ಅಂಗಡಿಗೆ ಇಲ್ಲಿ ನಾನು ಪೂರ್ತಿ 5 ಸ್ಟಾರ್ ಕೊಡ್ತೇನೆ. ಗಿಟಾರ್ ಅಂದ ಕೂಡ್ಲೆ ನಗಾಡದೆ, ಒಳಗಿಂದ ಸ್ಟೂಲ್ ತಂದು ಕೂರಿಸಿ, ಬಿಳಿಗೆ ನೀಲಿ, ಒಂದು ಹನಿ ಹಸಿರು ಅಂತ ಸೇರಿಸಿ ಸೇರಿಸಿ ರಟ್ಟಿಗೆ ಬಳಿದು ತೋರಿಸಿದ್ರು, ಐದನೇ ಸಲಕ್ಕೆ ಸರಿಯಾಯ್ತು. ಕಾರು ಬೈಕಿಗೆ ಹೊಡಿಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೈಂಟ್ ಅದು. ಗಿಟಾರಿಗೆ ಗ್ಯಾರೇಜ್ ಪೈಂಟಾ ಅಂತ ಕೇಳ್ಬೇಡಿ, ಸ್ಟ್ರಾಟ್ ಮೊದಲು ಬಂದದ್ದು 1954ರಲ್ಲಿ, ಆ ಕಾಲದ ಫೆಂಡರ್‌ನವರೇ ಡುಪಾಂಟ್ ಕಂಪೆನಿಯ ಕಾರಿನ ಬಣ್ಣಗಳನ್ನು ಗಿಟಾರಿಗೆ ಹೊಡಿತಿದ್ರು.

ಅಂಗಡಿಯವರು ಒಂದು ಮಾತು ಹೇಳಿದ್ರು, ಈ ಮಳೆಗೆ ಎನ್‌ಸಿ ಹೊಡಿಬೇಡಿ, ನಿಲ್ಲಿ ಅಂತ. ನಾನು ಕೇಳ್ಬೇಕಲ್ಲ! ಬಣ್ಣ ಹೇಗೋ ಕೂತಿತು, ಮೇಲಿನ ಕ್ಲಿಯರ್ ಲ್ಯಾಕರ್ (ಬಣ್ಣ ಇಲ್ಲದ ಹೊಳಪಿನ ಕೋಟ್) ಹೊಡೆದು ಚಾ ಕುಡಿದು ಬರುವಷ್ಟರಲ್ಲಿ ಬಾಡಿ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ ಮಂಜು. ಕಾರಣ ಸಿಂಪಲ್, ತಿನ್ನರ್ ರಪಕ್ಕ ಆರುವಾಗ ಮೇಲ್ಮೈ ತಣ್ಣಗಾಗ್ತದೆ, ತಣ್ಣನೆ ನೀರಿನ ಗ್ಲಾಸ್ ಬೆವರುವ ಹಾಗೆ ಗಾಳಿಯ ಪಸೆ ಅಲ್ಲಿ ಕೂತು ಲ್ಯಾಕರ್ ಒಳಗೇ ಸಿಕ್ಕಿಬೀಳ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಮೇಲೆ ಮಳೆ ಬೀಳುವ ಕಾಸರಗೋಡಿನಲ್ಲಿ ಆಟಿಯಲ್ಲಿ ಇದು ಆಗದಿದ್ರೆ ಆಶ್ಚರ್ಯ. ಸಾಲದ್ದಕ್ಕೆ ಗ್ಯಾರೇಜಿಂದ ತಂದ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಕೂತಿತ್ತು, ಅಡಿಯ ಬಿರಟೆ ಬಿಚ್ಚಿ ಬಿಡ್ಬೇಕು ಅಂತ ನನಗೆ ಯಾರು ಹೇಳಿದ್ರು?

ಒಣಗಿದ್ರೆ ಹೋಗ್ತದೆ ಅಂತ ನಾನು ಮಾಡಿದ ಮುಂದಿನ ಕೆಲಸ ಇನ್ನೂ ದೊಡ್ಡದು. ಅಡಿಕೆ ಒಣಗಿಸುವ ಸೋಲಾರ್ ಉಂಟಲ್ಲ, ಪ್ಲಾಸ್ಟಿಕ್ ಮಾಡಿನದ್ದು, ಅದರೊಳಗೆ ತೂಗಿ ಹಾಕಿದೆ. ಅವತ್ತೇ ಎರಡು ಗಂಟೆ ಬಿಸಿಲು ಬರ್ಬೇಕಾ. ಒಳಗೆ ಬೆಂಕಿ ಸೆಕೆ, ಮೇಲಿನ ಪದರ ಮೊದಲು ಬಿಗಿದು, ಒಳಗಿದ್ದ ತಿನ್ನರ್ ಹೊರಗೆ ಬರ್ಲಿಕ್ಕೆ ದಾರಿ ಇಲ್ಲದೆ ಗುಳ್ಳೆ ಎದ್ದು ಒಡೆದು, ಸಂಜೆ ನೋಡಿದ್ರೆ ನೀರುದೋಸೆಯ ತೂತುಗಳು. ಪುನಃ 320ರ ಪೇಪರ್. ಬೆಳ್ಳಗಾದದ್ದು ಮಾತ್ರ ಆಗಿದ್ರೆ ರಿಟಾರ್ಡರ್ ಅಂತ ನಿಧಾನಕ್ಕೆ ಆರುವ ತಿನ್ನರ್ ತೆಳ್ಳಗೆ ಹೊಡೆದ್ರೆ ಲ್ಯಾಕರ್ ಪುನಃ ಕರಗಿ ಪಸೆ ಹೊರಗೆ ಹೋಗ್ತಿತ್ತಂತೆ, ಅಂಗಡಿಯವರೇ ಹೇಳಿದ್ದು, ನಾನು ಹೋಗಿ ಕೇಳುವಾಗ ತಡವಾಗಿತ್ತು.

ಆಮೇಲೆ ಸುಮ್ಮನೆ ಕೂತೆ. ಆಟಿ ಮುಗಿದು ಸೋಣ ತಿಂಗಳ ಬಿಸಿಲು ಬಂತು, ಬೆಳಿಗ್ಗೆ 11ರಿಂದ 2ರ ಒಳಗೆ, ಜಗಲಿಯ ನೆರಳಲ್ಲಿ, ಲ್ಯಾಕರಿಗೆ ಸ್ವಲ್ಪ ರಿಟಾರ್ಡರ್ ಸೇರಿಸಿ, ತೆಳ್ಳಗೆ ದಿನಕ್ಕೆ ಮೂರು ಕೋಟಿನ ಹಾಗೆ ಹೊಡೆದೆ, ಕನ್ನಡಿ ಕೂತ ಹಾಗೆ ಕೂತಿತು. ಮುಟ್ಟಿದ್ರೆ ಅರ್ಧ ಗಂಟೆಯಲ್ಲಿ ಒಣಗಿದ ಹಾಗೆ ಕಾಣ್ತದೆ, ನಂಬ್ಬೇಡಿ, ಒಳಗಿನ ತಿನ್ನರ್ ಪೂರ್ತಿ ಹೋಗಿ ಪದರ ಕುಗ್ಗಿ ಕೂರ್ಲಿಕ್ಕೆ ಮೂರು ನಾಲ್ಕು ವಾರ ಬೇಕು. ಮೂಸಿ ನೋಡಿದ್ರೆ ತಿನ್ನರ್ ವಾಸನೆ ಇದ್ರೆ ಇನ್ನೂ ಆಗ್ಲಿಲ್ಲ. ಮತ್ತೆ ವಾಟರ್ ಪೇಪರ್ 1000, 1500, 2000, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪ್ ಹಾಕಿ, ಕೊನೆಗೆ ಕಾರಿನ ರಬ್ಬಿಂಗ್ ಕಾಂಪೌಂಡ್. ಅಂಚುಗಳಲ್ಲಿ ಜಾಗ್ರತೆ, ನನಗೆ ಹಿಂದಿನ ಅಂಚಲ್ಲಿ ಒಂದು ಕಡೆ ಬಣ್ಣ ದಾಟಿ ಮರವೇ ಕಂಡಿತು.

ನೆಕ್ಕಿನ ಕೆಲಸ ಇದರ ಮುಂದೆ ಮಕ್ಕಳಾಟ. ಮೇಪಲ್ ಗಟ್ಟಿ ಮರ, ಆದ್ರೆ ಹಾಗೇ ಬಿಟ್ರೆ ಬೆವರಿಗೆ ಕಪ್ಪು ಹಿಡಿತದೆ, 400ರ ತನಕ ಉಜ್ಜಿ ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ ಒರೆಸಿದೆ, ಒರೆಸಿ ಹೆಚ್ಚಾದದ್ದು ತೆಗೆದೆ, ದಿನಕ್ಕೊಂದು ಸಲದ ಹಾಗೆ ಐದು ದಿನ. ಕೈ ಜಾರುದು ಲ್ಯಾಕರಿಗಿಂತ ಚಂದ. ಆದ್ರೆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡ್ಲೇಬೇಡಿ, ಆ ಎಣ್ಣೆ ಒಣಗುವಾಗ ಬಿಸಿಯಾಗ್ತದೆ, ತಾನಾಗಿ ಹೊತ್ತಿಕೊಳ್ತದೆ, ಹರಡಿ ಒಣಗಿಸಿ ಅಥವಾ ನೀರಿನ ಬಾಲ್ದಿಗೆ ಹಾಕಿ. ಇದೂ ಹಾಳೆಯಲ್ಲಿ ಇಲ್ಲ. ಫ್ರೆಟ್‌ಬೋರ್ಡ್ (ನೆಕ್ಕಿನ ಮೇಲೆ ಬೆರಳು ಒತ್ತುವ ಪಟ್ಟಿ) ಬೀಟೆ ಅಂತ ಎಣಿಸಿದ್ದೆ, ಅಲ್ಲ, ಬಣ್ಣ ಹಾಕಿದ ಬೇರೆ ಮರ. 2017ರಲ್ಲಿ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದ ಮೇಲೆ ಸುಮಾರು ಕಂಪೆನಿಗಳು ಬೇರೆ ಮರಕ್ಕೆ ಹೋದವು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ಕಿದ್ರೂ ಎಲ್ಲರೂ ವಾಪಸ್ ಬರ್ಲಿಲ್ಲ. ನಮ್ಮ ಘಟ್ಟದ ಮರ, ನಮಗೆ ಬಂದ ಕಿಟ್ಟಿನಲ್ಲೇ ಇಲ್ಲ.

ಜೋಡಿಸುವಾಗ ಒಂದು ಕಿರಿಕಿರಿ ಆಯ್ತು, ನೆಕ್ ಕೂರುವ ಗುಂಡಿಯನ್ನು ನಾನು ಟೇಪ್ ಹಾಕಿ ಮುಚ್ಚಿರ್ಲಿಲ್ಲ, ಬಣ್ಣ ಲ್ಯಾಕರ್ ಸೇರಿ ದಪ್ಪ ಆಗಿ ನೆಕ್ ಒಳಗೇ ಹೋಗುದಿಲ್ಲ, ಒತ್ತಿದ್ರೆ ಬದಿಯ ಲ್ಯಾಕರ್ ಒಡಿತದೆ. ಒಂದು ಸಂಜೆ ಅದನ್ನು ಕೆರೆದೆ. ಬಣ್ಣಕ್ಕೆ ಮೊದಲೇ ಎಲ್ಲ ಒಮ್ಮೆ ಜೋಡಿಸಿ ತೂತು ಹೊಡೆದು ನೋಡಿ ಪುನಃ ಬಿಚ್ಚಿ, ನಟ್ಟಿನಿಂದ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಅಡ್ಡ ಲೋಹದ ಗೆರೆ) 324 ಎಂಎಂ, ಅಲ್ಲಿಂದ ಬಾಡಿ ಮೇಲೆ ತಂತಿ ಕೂರುವ ಬ್ರಿಡ್ಜಿನ ಸ್ಯಾಡಲ್ಲಿಗೆ ಕೂಡ ಹತ್ತಿರ ಹತ್ತಿರ ಅಷ್ಟೇ ಬರ್ಬೇಕು. ನನ್ನದು ಸರಿ ಇತ್ತು, ಕಿಟ್ಟಿನ ತೂತುಗಳು ಚೊಕ್ಕ, ಅದಕ್ಕೇ ಮೂರೂವರೆ ಸ್ಟಾರ್.

ಆಚಾರ್ರಿಗೆ ನಾನು ಸುಮ್ಮನೆ ಒಂದು ಕಥೆ ಹೇಳಿದ್ದೆ, ಬ್ರಯಾನ್ ಮೇ ಅಂತ ಕ್ವೀನ್ ಬ್ಯಾಂಡಿನವ, 1963ರಲ್ಲಿ ಅಪ್ಪನ ಜೊತೆ ಸೇರಿ ಗಿಟಾರ್ ಮಾಡ್ಲಿಕ್ಕೆ ಕೂತದ್ದು, ನೆಕ್ಕಿಗೆ ಹಾಕಿದ್ದು ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ ಅಂತ. ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದಾರೆ, ಮೊನ್ನೆ ಎಲ್ಲೋ ಹಳೇ ಮನೆ ಕೆಡವಿದ ಹಲಸಿನ ದಾರಂದ ತಂದು ಕೊಟ್ಟಿಗೆಯಲ್ಲಿ ಒರಗಿಸಿ, "ವೀಣೆ, ಮೃದಂಗ ಎಲ್ಲ ಇದರಲ್ಲೇ ಮಾಡುದಲ್ವಾ, ಇದು ಆಗ್ಲಿಕ್ಕಿಲ್ವಾ ಅಣ್ಣ?" ಅಂದ್ರು. ಭಾರ ಆಗ್ತದೆ ಅಂದೆ. ಆದ್ರೂ ಅಳತೆ ತೆಗೆದಿಟ್ಟಿದ್ದೇನೆ.

ಈ ಕಿಟ್ ತಗೊಳ್ಳುವವರು ಮಳೆ ಬಿಟ್ಟು ನವೆಂಬರ್ ನಂತರ ತರಿಸಿ. ರಿಟಾರ್ಡರ್ ತಿನ್ನರ್ ಅರ್ಧ ಲೀಟರ್ ಹತ್ತಿರ ಉಳಿದಿದೆ, ಬದಿಯಡ್ಕ ಮುಳ್ಳೇರಿಯ ಕಡೆ ಯಾರಿಗಾದ್ರೂ ಬೇಕಾದ್ರೆ ಕೊಡ್ತೇನೆ, ತಗಡಿನ ಡಬ್ಬ ನೀವೇ ತನ್ನಿ. ನೀರಿನ ಬಾಟ್ಲಿ ತರ್ಬೇಡಿ, ಮನೆಯಲ್ಲಿ ಯಾರಾದ್ರೂ ನೀರು ಅಂತ ಕುಡಿದ್ರೆ ಕಷ್ಟ.