ಕಡ್ಡಿ ಅದ್ದಿ ನೀರು ಕಂದು ಮಾಡಿ ಆರ್‌ಒ ಮಾರೋರ ಬಗ್ಗೆ ಹುಷಾರು

ಬೋರ್ ನೀರು ಬಳಸೋರು, ಪ್ಯೂರಿಫೈಯರ್ ತಗೊಳ್ಳೋ ಯೋಚನೇಲಿರೋರು ಇದನ್ನ ಓದಿ. ಕಂಪನಿ ಹೆಸರು ಹಾಕಲ್ಲ, ಕೇಳ್ಬೇಡಿ.

ಮನೆಗೆ ಡೆಮೋ ಅಂತ ಬಂದ ಹುಡುಗ ಎರಡು ಲೋಟ ಇಟ್ಟ, ಒಂದ್ರಲ್ಲಿ ನಮ್ಮ ನೀರು, ಇನ್ನೊಂದ್ರಲ್ಲಿ ಅವ್ನು ತಂದಿದ್ದ ಆರ್‌ಒ (ಮೆಂಬ್ರೇನ್ ಅನ್ನೋ ತೆಳು ಪೊರೆಯಿಂದ ಲವಣ ತಡೆಯೋ ಪ್ಯೂರಿಫೈಯರ್) ನೀರು, ಎರಡಕ್ಕೂ ಕಡ್ಡಿಗಳಿರೋ ಒಂದು ಯಂತ್ರ ಅದ್ದಿ ಸ್ವಿಚ್ ಹಾಕ್ದ. ನೋಡ್ತಾ ನೋಡ್ತಾ ನಮ್ಮ ಲೋಟ ಹಳದಿಯಾಗಿ, ಆಮೇಲೆ ಕಂದಾಗಿ, ಮೇಲೆ ಗಸಿ ಥರ ಏನೋ ತೇಲೋಕೆ ಶುರು. ಅವನ ಲೋಟ ಹಾಗೇ ಇತ್ತು. "ನೋಡಿ ಮೇಡಂ, ಇಷ್ಟು ದಿನ ಇದನ್ನೇ ಕುಡೀತಿದ್ರಿ" ಅಂದ. ನಮ್ಮತ್ತೆ ಗಾಬರಿಯಾಗಿ ಇವತ್ತೇ ಹಾಕ್ಸಿಬಿಡು ಅಂದ್ರು.

ಆ ಗಸಿ ನೀರಲ್ಲಿ ಇದ್ದಿದ್ದಲ್ಲ, ಕಬ್ಬಿಣದ ಕಡ್ಡಿಯಿಂದ ಬಿಟ್ಟ ತುಕ್ಕು. ಲವಣ ಇರೋ ನೀರಲ್ಲಿ ಕರೆಂಟ್ ಹರಿಯುತ್ತೆ, ಕಡ್ಡಿ ಕರಗುತ್ತೆ, ಆರ್‌ಒ ನೀರಲ್ಲಿ ಲವಣನೇ ಕಮ್ಮಿ ಆದ್ದರಿಂದ ಏನೂ ಆಗಲ್ಲ, ಅಷ್ಟೇ. ಅವನ ಲೋಟಕ್ಕೂ ಚಿಟಿಕೆ ಉಪ್ಪು ಹಾಕಿದ್ರೆ ಅದೇ ಬಣ್ಣ ಬರ್ತಿತ್ತು.

ಆಮೇಲೆ ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಲವಣ) ಮೀಟರ್ ತೆಗ್ದ. ಹಾರ್ಡ್‌ನೆಸ್, ಅಂದ್ರೆ ಗಡಸುತನ, ಎಷ್ಟಿದೆ ಅಂತ ಕೇಳಿದ್ದಕ್ಕೆ "ಟಿಡಿಎಸ್, ಹಾರ್ಡ್‌ನೆಸ್ ಎರಡೂ ಒಂದೇ ಮೇಡಂ" ಅಂದ. ಸುಳ್ಳು. ಮೀಟರ್ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದ್ರ ಮೇಲೆ ಒಟ್ಟು ಲವಣದ ಅಂದಾಜು ಕೊಡುತ್ತೆ, ಅದ್ರಲ್ಲಿ ಗಡಸುತನ ತರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಸಾಫ್ಟನರ್‌ನಲ್ಲಿ ಹಾದು ಬಂದ ಮೆತ್ತನೆ ನೀರಿಗೆ ಅದ್ದಿದ್ರೂ ಮೀಟರ್ ಹೆಚ್ಚುಕಮ್ಮಿ ಹಳೇ ನಂಬರ್ರೇ ತೋರ್ಸುತ್ತೆ, ಯಾಕಂದ್ರೆ ಅಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತೆ. (ಬಿಪಿಗೆ ಉಪ್ಪು ಕಮ್ಮಿ ಮಾಡಿ ಅಂತ ಹೇಳಿಸ್ಕೊಂಡೋರು ಸಾಫ್ಟನರ್ ನೀರು ಕುಡಿಯೋ ಮುಂಚೆ ಡಾಕ್ಟರನ್ನ ಕೇಳಿ.)

ಆರ್‌ಒ ಗಡಸುತನ ತೆಗೆಯಲ್ಲ ಅಂತಲ್ಲ, ತೆಗೆಯುತ್ತೆ. ಆದ್ರೆ ತಡೆದಿದ್ದೆಲ್ಲ ಮೆಂಬ್ರೇನ್ ಪಕ್ಕದಲ್ಲೇ ದಟ್ಟವಾಗಿ ಸುಣ್ಣದ ಪದರ ಕಟ್ಟುತ್ತೆ. ಗಡಸುತನ ಲೀಟರಿಗೆ 180 ಮಿಲಿಗ್ರಾಂ ದಾಟಿದ್ರೇನೇ ತುಂಬಾ ಗಡಸು ಅಂತಾರೆ, ಅಂಥ ನೀರಿಗೆ ಮೆಂಬ್ರೇನ್‌ಗಿಂತ ಮುಂಚೆ ಸಾಫ್ಟನರ್ರೋ ಆಂಟಿಸ್ಕೇಲೆಂಟೋ (ಸುಣ್ಣ ಕಟ್ಟದ ಹಾಗೆ ತಡೆಯೋ ರಾಸಾಯನಿಕ) ಬೇಕಾಗ್ಬಹುದು ಅಂತ ಅವ್ನು ಬಾಯೇ ಬಿಡ್ಲಿಲ್ಲ. ಕೊನೆಗೆ ಅವನ ಮಷಿನ್ನೇ ಹಾಕ್ಸಿದ್ವಿ, ಕೆಲವೇ ತಿಂಗಳಲ್ಲಿ ನೀರು ನೂಲಿನ ಥರ ಬರೋಕೆ ಶುರುವಾಯ್ತು, ವೇಸ್ಟ್ ಪೈಪಲ್ಲಿ ಮಾತ್ರ ಧಾರಾಳ. ಸರ್ವಿಸ್‌ನೋನು ಬಂದು ಯಾವ್ದೋ ಸ್ಕ್ರೂ ತಿರುಗಿಸ್ದ, ತಕ್ಷಣ ಫ್ಲೋ ಜೋರಾಯ್ತು, ಸಹಿ ಹಾಕಿಸ್ಕೊಂಡು ಹೋದ. ಒಂದೆರಡು ದಿನಕ್ಕೆ ಕೆಟಲ್ ತಳದಲ್ಲಿ ಮತ್ತೆ ಬಿಳಿ ಪದರ! ಅದು ಟಿಡಿಎಸ್ ಕಂಟ್ರೋಲ್ ಸ್ಕ್ರೂ ಅಂತೆ, ತೆರೆದಷ್ಟೂ ಮೆಂಬ್ರೇನ್ ದಾಟದ ನೀರು ಬಂದು ಮಿಕ್ಸ್ ಆಗುತ್ತೆ.

ಜಗಳ ಆಡಿ ಮತ್ತೆ ಕರೆಸಿ ಮೆಂಬ್ರೇನ್ ಬಿಚ್ಚಿಸ್ದೆ. ಕೈಗೆ ಭಾರ ಇತ್ತು, ತುದೀಲಿ ಬಿಳಿ ಮರಳಿನ ಥರ ತರಿತರಿ, ನಿಂಬೆರಸ ಬಿಟ್ರೆ ಬುರುಬುರು ಅಂತ ನೊರೆ ಬಂತು. "ಹಾರ್ಡ್ ವಾಟರ್ ಮೇಡಂ, ವಾರಂಟಿಗೆ ಬರಲ್ಲ" ಅಂದ. ಹಾರ್ಡ್ ವಾಟರ್‌ಗೇ ಅಂತ ಹೇಳಿ ಮಾರಿದ ಮಷಿನ್ ಇದು!

ಕೊಳ್ಳೋ ಮುಂಚೆ ಲ್ಯಾಬಲ್ಲಿ ಹಾರ್ಡ್‌ನೆಸ್ ನೋಡಿಸಿ, ಇಲ್ಲಾಂದ್ರೆ ಹನಿ ಹಾಕಿ ಕೆಂಪಿಂದ ನೀಲಿಗೆ ತಿರುಗೋವರೆಗೂ ಎಣಿಸೋ ಕಿಟ್ ಸಿಗುತ್ತೆ. ಬರೀ ಯುವಿ ಮಷಿನ್ ಗಡಸುತನಕ್ಕೆ ಏನೂ ಮಾಡಲ್ಲ, ಅದು ಕ್ರಿಮಿಗೆ ಮಾತ್ರ. ಆ ಹಾರ್ಡ್‌ನೆಸ್ ನಂಬರನ್ನ ಬಿಲ್ ಮೇಲೇ ಬರೆಸಿ, ಪಕ್ಕದಲ್ಲಿ ಇಷ್ಟು ಗಡಸಿಗೂ ಮೆಂಬ್ರೇನ್ ವಾರಂಟಿ ಇದೆ ಅಂತ ಸೀಲ್ ಹಾಕಿಸ್ಕೊಳ್ಳಿ. ಬರೆಯೋಕೆ ತಡವರಿಸಿದ್ರೆ ಬಾಗಿಲಿಂದಲೇ ವಾಪಸ್ ಕಳ್ಸಿ.