ಮೂರು ವರ್ಷ ನುಡಿಸಿದ ಮೇಲೆ: ಮನೆಯಲ್ಲೇ ಕಟ್ಟಿದ ಪುಟ್ಟ ಗಿಟಾರ್ ಆಂಪ್

ರಾತ್ರಿ ಹತ್ತರ ನಂತರ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ನನ್ನ ಆಸೆಗೂ ಗೋಡೆಯಾಚೆಯವರ ನಿದ್ದೆಗೂ ರಾಜಿ ಮಾಡಿಸಲೆಂದು, ಮೂರು ವರ್ಷಗಳ ಹಿಂದೆ ಬಸವನಗುಡಿಯ ಮನೆಯಲ್ಲಿ ಈ ಆಂಪ್ (ಆಂಪ್ಲಿಫೈಯರ್) ಕಟ್ಟಿದೆ. ಇದರ ಜೀವಾಳ ಎಲ್‌ಎಂ386 ಎಂಬ ಎಂಟು ಕಾಲಿನ ಐಸಿ, ಅಂದರೆ ಸದ್ದು ಹಿಗ್ಗಿಸುವ ಸರ್ಕಿಟ್ಟನ್ನೇ ಒಳಗೊಂಡ ಚಿಪ್ಪು. ಅದೂ, ಬಿಡಿಭಾಗಗಳನ್ನು ಬೆಸೆಯುವ ತೂತಿನ ಹಲಗೆಯಾದ ವೆರೋಬೋರ್ಡು, ಕೆಪಾಸಿಟರುಗಳು, 8 ಓಮ್‌ನ ನಾಲ್ಕು ಇಂಚಿನ ಸ್ಪೀಕರು, ಎಲ್ಲವೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಒಂದೇ ಮಧ್ಯಾಹ್ನ ಸಿಕ್ಕವು. ಖರ್ಚು 700 ರೂಪಾಯಿ ದಾಟಲಿಲ್ಲ.

ಮೊದಲ ತಿಂಗಳು ನಿರಾಸೆಯದು. ಕಂಬಳಿ ಹೊದಿಸಿದಂತೆ ಸದ್ದು ಮಂಕಾಗಿತ್ತು, ನಾನು ಸುಮ್ಮನೆ ಸ್ಪೀಕರನ್ನು ದೂರಿದೆ. ದೋಷವಿದ್ದದ್ದು ಬೇರೆಡೆ: ಚಿಪ್ಪಿನ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಂಕೇತಕ್ಕೆ ಒಡ್ಡುವ ತಡೆ) ಸುಮಾರು 50 ಕಿಲೋ ಓಮ್ ಮಾತ್ರ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರಿನ ಪಿಕಪ್ಪಿಗೆ ಬೇಕಾದದ್ದು 1 ಮೆಗಾ ಓಮ್‌ನ ಆಸುಪಾಸು, ಆ ಹೊರೆಗೆ ಮೇಲಿನ ಸ್ವರಗಳ ಹೊಳಪೆಲ್ಲ ಸೋರಿಹೋಗುತ್ತಿತ್ತು. ನಡುವೆ ಎಂಪಿಎಫ್102 ಎಂಬ ಒಂದು ಎಫ್‌ಇಟಿಯನ್ನು (ಒಂದು ಬಗೆಯ ಟ್ರಾನ್ಸಿಸ್ಟರ್) ಪಿಕಪ್ಪಿನ ಹೊರೆ ಇಳಿಸುವ ಬಫರ್ ಆಗಿ ಕೂರಿಸಿದ ದಿನವೇ ಗಿಟಾರು ಗಿಟಾರಿನಂತೆ ಕೇಳಿಸಿತು. ಈ ಬಫರ್ ಇಲ್ಲದ ಸರ್ಕಿಟ್ಟನ್ನು ಇಂದು ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ.

ಒಂದನೆಯ ಮತ್ತು ಎಂಟನೆಯ ಕಾಲುಗಳನ್ನು ಖಾಲಿ ಬಿಟ್ಟರೆ ಗೇನ್ (ಸಂಕೇತ ಹಿಗ್ಗುವ ಪಟ್ಟು) 20, ಅವುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ 200. ನಾನು ಸ್ವಿಚ್ ಇಟ್ಟುಕೊಂಡಿದ್ದೇನೆ. 200ರಲ್ಲಿ ಒರಟು ಡಿಸ್ಟಾರ್ಷನ್ ಖುಷಿ ಕೊಡುತ್ತದೆ, ಆದರೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಜೊತೆಗೇ ಹಿಗ್ಗುತ್ತದೆ. ಕರೆಂಟು ಹೋದ ಮಳೆಯ ಸಂಜೆಗಳಲ್ಲಿ ಮಾತ್ರ ಆ ಸ್ವಿಚ್ಚು ನಿಶ್ಶಬ್ದವಾಗಿ ವರ್ತಿಸುತ್ತದೆ!

ಅತಿ ಹೆಚ್ಚು ಕಾಡಿದ್ದು ಬ್ಯಾಟರಿ. ಒಮ್ಮೆ ಕತ್ತಲಲ್ಲಿ 9 ವೋಲ್ಟ್ ಬ್ಯಾಟರಿಯನ್ನು ತಿರುವುಮುರುವಾಗಿ ತಾಗಿಸಿ ಮೊದಲ ಚಿಪ್ಪನ್ನು ಸುಟ್ಟೆ. ಅಂದಿನಿಂದ ಸರಣಿಯಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಷಾಟ್ಕಿ ಡಯೋಡ್ ಕಾವಲಿಗಿದೆ. ಇನ್ನು ಮರೆವಿನ ಬಾಬತ್ತು. ಸದ್ದಿಲ್ಲದಿದ್ದರೂ ಚಿಪ್ಪು ಸುಮಾರು 4 ಮಿಲಿ ಆಂಪಿಯರ್ ಕುಡಿಯುತ್ತಲೇ ಇರುವುದರಿಂದ, 500 ಮಿಲಿ ಆಂಪಿಯರ್ ಅವರ್‌ನ ಆಲ್ಕಲೈನ್ ಬ್ಯಾಟರಿ, ಆಂಪ್ ಆಫ್ ಮಾಡಲು ಮರೆತರೆ, ಐದೇ ದಿನಕ್ಕೆ ಬರಿದು. ಮೋನೋ ಜ್ಯಾಕಿನ ಬದಲು ಸ್ಟೀರಿಯೋ ಜ್ಯಾಕ್ ಹಾಕಿ, ಬ್ಯಾಟರಿಯ ಋಣ ತುದಿಯನ್ನು ಅದರ ನಡುವಿನ ರಿಂಗಿಗೆ ಜೋಡಿಸಿದರೆ, ಗಿಟಾರಿನ ಕೇಬಲ್ ಎಳೆದೊಡನೆ ಆಂಪ್ ತಾನಾಗಿ ಆರುತ್ತದೆ. ಆದರೂ ಸೊರಗಿದ ಬ್ಯಾಟರಿಯಲ್ಲಿ ಜೋರಾಗಿ ನುಡಿಸಿದರೆ ಡಬಡಬ ಎಂಬ ದೋಣಿಯ ಮೋಟಾರಿನ ಸದ್ದು ಹೊರಡುತ್ತಿತ್ತು. ಎರಡನೆಯ ವರ್ಷ ಆರು ಎಎ ಸೆಲ್ಲುಗಳ ಹೋಲ್ಡರಿಗೆ ಬದಲಾಯಿಸಿದ ಮೇಲೆ, ತೂಕ ಹೆಚ್ಚಿದರೂ, ಆ ಕಾಟ ತಪ್ಪಿತು. ಬಾಳಿಕೆಯಂತೂ ಹಲವು ಪಟ್ಟು.

ಮೊದಲ ಪೆಟ್ಟಿಗೆ ಅಮ್ಮನ ಚಕ್ಕುಲಿ ಡಬ್ಬಿ. ತಗಡು ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ತಡೆಯುತ್ತಿತ್ತು, ಆದರೆ 110 ಹರ್ಟ್ಸ್‌ನ ಐದನೆಯ ತಂತಿ ಮೀಟಿದಾಗಲೆಲ್ಲ ಮುಚ್ಚಳವೂ ದನಿಗೂಡಿಸುತ್ತಿತ್ತು. ಈಗಿರುವುದು 9 ಮಿಲಿಮೀಟರ್ ಪ್ಲೈವುಡ್; ಒಳಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡಿಗೆ ಸೇರಿಸಿದ್ದೇನೆ. ಡಬ್ಬಿ ಅಡುಗೆಮನೆಗೆ ಮರಳಿದೆ, ಸ್ಪೀಕರಿನ ತೂತುಗಳ ಸಮೇತ.

ಮಂದ್ರ ಸಾಲದೆಂದು ಔಟ್‌ಪುಟ್ ಕೆಪಾಸಿಟರನ್ನು 220ರಿಂದ 470 ಮೈಕ್ರೋಫ್ಯಾರಡ್‌ಗೆ ಏರಿಸಿದೆ. ನಾಲ್ಕು ಇಂಚಿನ ಸ್ಪೀಕರಿನಲ್ಲಿ ವ್ಯತ್ಯಾಸ ಕೇಳಿಸಲೇ ಇಲ್ಲ. ಗೆಳೆಯನ 12 ಇಂಚಿನ ಕ್ಯಾಬಿನೆಟ್ಟಿಗೆ ಜೋಡಿಸಿದಾಗ ತಿಳಿಯಿತು. ಅರ್ಧ ವ್ಯಾಟಿನ ಆಸುಪಾಸಿನ ಈ ಆಂಪ್, ಅಲ್ಲಿ ಕೋಣೆ ತುಂಬುವಷ್ಟು ನುಡಿಯಿತು. ಡ್ರಮ್ಮಿನ ಎದುರು ಮಾತ್ರ ಇದನ್ನು ಒಯ್ಯಬೇಡಿ.

ಸದ್ಯ ವಾಲ್ಯೂಮ್ ಪಾಟ್ (ಸದ್ದು ಹೊಂದಿಸುವ ಗುಂಡಿ) ತಿರುಗಿಸಿದಾಗ ಕರಕರ ಎನ್ನುತ್ತಿದೆ. ಎಸ್.ಪಿ. ರಸ್ತೆಯ ಮುಂದಿನ ಭೇಟಿಯ ಚೀಟಿಯಲ್ಲಿ ಅದನ್ನು ಬರೆದುಕೊಂಡಿದ್ದೇನೆ.