ದ್ರವ ಹೈಡ್ರೋಜನ್ ಟ್ಯಾಂಕಿಗೆ ಪರ್ಲೈಟೋ, ಗಾಜಿನ ಗುಳ್ಳೆಯೋ: ಉಷ್ಣ ನಿರೋಧಕಗಳ ವಿಮರ್ಶೆ

ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ದ್ರವ ಹೈಡ್ರೋಜನ್ ಅನ್ನು ಬಹುಕಾಲ ಸಂಗ್ರಹಿಸಿಡುವ ಟ್ಯಾಂಕಿನ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದರ ಎರಡು ಗೋಡೆಗಳ ನಡುವಿನ ನಿರ್ವಾತದಲ್ಲಿ ಏನು ತುಂಬಿದೆ ಎಂಬುದರಿಂದ. ದೊಡ್ಡ ಗೋಳಾಕಾರದ ಟ್ಯಾಂಕುಗಳಲ್ಲಿ ದಶಕಗಳಿಂದ ತುಂಬುತ್ತ ಬಂದಿರುವುದು ಪರ್ಲೈಟ್, ಅಂದರೆ ಜ್ವಾಲಾಮುಖಿಯ ಗಾಜನ್ನು ಕಾಯಿಸಿ ಅರಳಿಸಿದ ಬಿಳಿ ಪುಡಿ. ಅದು ಅಗ್ಗ, ಬೆಂಕಿ ಹಿಡಿಯುವುದಿಲ್ಲ, ತುಂಬುವುದೂ ಸುಲಭ. ಆದರೆ ಒಳಪಾತ್ರೆ ತಣಿದಾಗ ಕುಗ್ಗಿ, ಬಿಸಿಯಾದಾಗ ಹಿಗ್ಗುವ ಪ್ರತಿ ಸುತ್ತಿನಲ್ಲೂ ಪುಡಿ ಕೆಳಗಿಳಿದು ಒತ್ತಾಗುತ್ತದೆ, ಮೇಲ್ಭಾಗದಲ್ಲಿ ಪೊಳ್ಳು ಉಳಿಯುತ್ತದೆ. ಕೆನಡಿ ಬಾಹ್ಯಾಕಾಶ ಕೇಂದ್ರದ 39ಬಿ ಉಡಾವಣಾ ತಾಣದಲ್ಲಿ 1960ರ ದಶಕದಲ್ಲಿ ಕಟ್ಟಿದ, ಸುಮಾರು 3,200 ಘನ ಮೀಟರ್ ಸಾಮರ್ಥ್ಯದ ಟ್ಯಾಂಕಿನಲ್ಲಿ ಪರ್ಲೈಟ್ ಇಲ್ಲದ ಪೊಳ್ಳೊಂದು ಉಳಿದಿದ್ದರಿಂದಲೇ ಆವಿಯಾಗಿ ಹೋಗುವ ಹೈಡ್ರೋಜನ್‌ನ ಪ್ರಮಾಣ ಹೆಚ್ಚಾಗಿತ್ತು.

ಟೊಳ್ಳು ಗಾಜಿನ ಗುಳ್ಳೆಗಳು ಈ ದೋಷಕ್ಕೆ ನೇರ ಉತ್ತರ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವೇ ಹತ್ತು ಮೈಕ್ರಾನ್ ವ್ಯಾಸದ ಈ ಗುಳ್ಳೆಗಳು ನೀರಿನಂತೆ ಹರಿದು ಮೂಲೆಮೂಲೆಯನ್ನೂ ತುಂಬುತ್ತವೆ. ಒಳಪಾತ್ರೆ ಹಿಗ್ಗಿ ಕುಗ್ಗಿದರೂ ಪರ್ಲೈಟ್‌ನ ಹಾಗೆ ಗಟ್ಟಿಯಾಗಿ ಕೂರುವುದಿಲ್ಲ. ನಾಸಾದ ಸ್ಟೆನಿಸ್ ಕೇಂದ್ರದಲ್ಲಿ ಸುಮಾರು 190 ಘನ ಮೀಟರಿನ ಟ್ಯಾಂಕಿಗೆ ಇವನ್ನು ತುಂಬಿ ನೋಡಿದಾಗ ಆವಿ ನಷ್ಟ ಪರ್ಲೈಟ್‌ಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 39ಬಿಯ ಹೊಸ ಟ್ಯಾಂಕಿಗೂ, ಸುಮಾರು 4,700 ಘನ ಮೀಟರಿನದಕ್ಕೆ, ಇದನ್ನೇ ಆರಿಸಿದರು.

ಅಲ್ಯೂಮಿನಿಯಂ ಲೇಪಿತ ಹಾಳೆಗಳನ್ನು ಪದರಪದರವಾಗಿ ಸುತ್ತುವ ಬಹುಪದರ ನಿರೋಧಕ ಉತ್ತಮ ನಿರ್ವಾತದಲ್ಲಿ ಇವೆರಡನ್ನೂ ಮೀರಿಸುತ್ತದೆ, ಸಾಗಣೆ ಟ್ಯಾಂಕರುಗಳಿಗೆ ಸರಿಯಾಗಿ ಒಪ್ಪುತ್ತದೆ. ಆದರೆ ನಿರ್ವಾತ ಸ್ವಲ್ಪ ಕೆಟ್ಟರೂ ಅದರ ಸಾಮರ್ಥ್ಯ ಕುಸಿಯುತ್ತದೆ. ಗುಳ್ಳೆಗಳ ಕುಸಿತ ಅಷ್ಟು ತೀವ್ರವಲ್ಲ. ಆದ್ದರಿಂದ ತಯಾರಕರು ತೋರಿಸುವ ಅತ್ಯುತ್ತಮ ನಿರ್ವಾತದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸದೆ, ನಿರ್ವಾತ ಕ್ಷೀಣಿಸಿದಾಗಿನ ನಷ್ಟವೆಷ್ಟು ಎಂದು ಲಿಖಿತವಾಗಿ ಕೇಳಬೇಕು. ಫೋಮ್ ಹಗುರವಾದ್ದರಿಂದ ರಾಕೆಟ್‌ಗೆ ಸರಿ, ದೀರ್ಘಕಾಲದ ಸಂಗ್ರಹಕ್ಕೆ ಸಲ್ಲದು.

ಯಾವ ನಿರೋಧಕವೂ ತಡೆಯಲಾರದ ಶಾಖವೊಂದಿದೆ. ಹೈಡ್ರೋಜನ್ ಅಣುವಿಗೆ ಆರ್ಥೋ, ಪ್ಯಾರಾ ಎಂಬ ಎರಡು ರೂಪಗಳಿವೆ, ಪ್ಯಾರಾದ್ದು ಕಡಿಮೆ ಶಕ್ತಿಯ ರೂಪ; ಕೋಣೆಯ ಉಷ್ಣತೆಯ ಸಾಮಾನ್ಯ ಹೈಡ್ರೋಜನ್‌ನ ಮುಕ್ಕಾಲು ಪಾಲು ಆರ್ಥೋ ರೂಪದಲ್ಲಿರುತ್ತದೆ. ಅದು ದ್ರವದೊಳಗೆ ನಿಧಾನವಾಗಿ ಪ್ಯಾರಾ ರೂಪಕ್ಕೆ ತಿರುಗುವಾಗ ಹೊರಬೀಳುವ ಶಾಖ, ಆ ದ್ರವವನ್ನು ಆವಿಯಾಗಿಸಲು ಬೇಕಾದುದಕ್ಕಿಂತಲೂ ಹೆಚ್ಚು. ದ್ರವೀಕರಣದ ಹಂತದಲ್ಲೇ ವೇಗವರ್ಧಕದಿಂದ ಈ ಪರಿವರ್ತನೆ ಮುಗಿಯದಿದ್ದರೆ, ಎಷ್ಟೇ ಬೆಲೆಯ ಗುಳ್ಳೆ ತುಂಬಿದರೂ ಟ್ಯಾಂಕು ಬರಿದಾಗುತ್ತಲೇ ಇರುತ್ತದೆ. ಒಳಪಾತ್ರೆಯನ್ನು ಹೊತ್ತಿರುವ ಆಧಾರಗಳು ಮತ್ತು ಕೊಳವೆಗಳ ಮೂಲಕವೂ ಶಾಖ ಒಳನುಸುಳುತ್ತದೆ. ಹಾಗಾಗಿ ಉಕ್ಕಿನ ಬದಲು ಗಾಜಿನ ನಾರಿನ ಸಂಯುಕ್ತದ ಆಧಾರಗಳಿವೆಯೇ ಎಂಬುದನ್ನೂ ಟ್ಯಾಂಕ್ ಕೊಳ್ಳುವ ಮುನ್ನವೇ ನಕ್ಷೆಯಲ್ಲಿ ಪರಿಶೀಲಿಸಬೇಕು.